ಮೈಕಿನಿಂದ ಒಂದು ಗೇಣು ದೂರ

ನನ್ನ ಸೋದರಮಾವ ಪೋಸ್ಟ್‌ಮ್ಯಾನ್ ಆಗಿದ್ದವರು. ಬ್ರಹ್ಮಾವರದ ಸುತ್ತಮುತ್ತಲ ಹಳ್ಳಿಗಳಿಗೆ ಸೈಕಲಿನಲ್ಲಿ ಹೋಗಿ ಕಾಗದ ಹಂಚುತ್ತಿದ್ದರು. ಆಗ ನಮ್ಮ ಕಡೆಯ ಎಷ್ಟೋ ಮನೆಗಳ ಗಂಡುಮಕ್ಕಳು ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಊರಲ್ಲಿ ಉಳಿದ ತಾಯಂದಿರಲ್ಲಿ ಹಲವರಿಗೆ ಓದಲು ಬರುತ್ತಿರಲಿಲ್ಲ. ಮಾವ ಕಾಗದ ಕೊಟ್ಟು ಹಾಗೇ ಹೊರಟುಬಿಡುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಕಾಗದ ಪೂರ್ತಿ ಓದಿ ಹೇಳಿಯೇ ಮುಂದಿನ ಮನೆಗೆ ಹೋಗುತ್ತಿದ್ದರು.

ಈಗ ಅವರಿಗೆ 78 ವರ್ಷ. ಗ್ಲುಕೋಮಾದಿಂದಾಗಿ ಎರಡು ವರ್ಷದಿಂದ ಅಕ್ಷರ ಕಾಣುವುದಿಲ್ಲ. ಈ ಕಾಯಿಲೆಯಲ್ಲಿ ಕೆಡುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಹಾಗಾಗಿ ಹೋದ ದೃಷ್ಟಿ ವಾಪಸು ಬರುವುದಿಲ್ಲ, ಕನ್ನಡಕ ಬದಲಿಸಿಯೂ ಪ್ರಯೋಜನ ಇಲ್ಲ. ಕಳೆದ ವಿಷುವಿಗೆ ಅವರ ಮನೆಗೆ ಹೋಗಿದ್ದೆ. ಮಾವ ಕಪಾಟಿನಿಂದ ಒಂದು ದಪ್ಪ ಕಾದಂಬರಿ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಅರ್ಧಕ್ಕೆ ನಿಂತು ಹೋಯ್ತು ಮಾರಾಯ್ತಿ" ಎಂದರು. 212ನೇ ಪುಟದಲ್ಲಿ ಗುರುತಿಗೆ ಅಂತ ಹಳೆಯ ಬಸ್ ಟಿಕೆಟ್ ಸಿಕ್ಕಿಸಿಟ್ಟಿದ್ದರು.

ಉಳಿದ ಪುಟಗಳನ್ನು ನಾನು ಓದಿ ರೆಕಾರ್ಡ್ ಮಾಡಿ ಕೊಡುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ. (ಇದಕ್ಕೆ ಕಾನೂನಿನ ಅಡ್ಡಿ ಏನಾದರೂ ಇದೆಯಾ ಎಂದು ಆಮೇಲೆ ನೋಡಿದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲಿ, ಕಣ್ಣು ಕಾಣದವರ ಸ್ವಂತ ಉಪಯೋಗಕ್ಕೆ ಪುಸ್ತಕವನ್ನು ಅವರಿಗೆ ಆಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದ್ದಾರೆ. ಅದನ್ನು ಮಾರುವ ಹಾಗಿಲ್ಲ, ಅಷ್ಟೇ.)

ಮೊದಲು ಮೊಬೈಲಿನಲ್ಲೇ ಓದಿ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಅತ್ತೆ ಫೋನನ್ನು ಅವರ ಕಿವಿಯ ಹತ್ತಿರ ಇಟ್ಟರಂತೆ. ಸಂಜೆ ಮಾವನೇ ಫೋನ್ ಮಾಡಿದರು.

"ಓದಿದ್ದು ಚಂದ ಉಂಟು. ಆದರೆ ನೀನು ಬಾವಿಯ ಒಳಗಿಂದ ಓದಿದ ಹಾಗೆ ಕೇಳ್ತದೆ. ಹತ್ತು ನಿಮಿಷ ಆದ ಮೇಲೆ ತಲೆಬಿಸಿ ಆಗ್ಲಿಕ್ಕೆ ಶುರು ಆಗ್ತದೆ."

ಆ ಮಾತು ನನಗೆ ತಾಗಿತು. ನಾವು ಒಂದು ರೀಲ್ ಕೇಳಿ ಮುಂದೆ ಹೋಗುವವರು. ಅವರು ದಿನಕ್ಕೆ ಮೂರು ನಾಲ್ಕು ತಾಸು ಕೇಳಿಯೇ ಬದುಕುವವರು. ಅವರಿಗೆ ಧ್ವನಿಯೇ ಪುಟ. ಮಸುಕಾದ ಪುಟವನ್ನು ಯಾರಿಗಾದರೂ ಓದಲು ಕೊಡುತ್ತೇವಾ? ಒಂದು ಒಳ್ಳೆಯ ಮೈಕ್ ತರಲೇಬೇಕು ಎಂದುಕೊಂಡೆ.

ಯುಎಸ್‌ಬಿ ಮೈಕ್ ತೆಗೆದುಕೊಂಡಿದ್ದಕ್ಕೆ ಕಾರಣ ಸರಳ. ಸ್ಟುಡಿಯೋದವರ ಮೈಕಿಗೆ ನಡುವೆ ಇನ್ನೊಂದು ಪೆಟ್ಟಿಗೆ ಬೇಕು, ಅದನ್ನು ಆಡಿಯೊ ಇಂಟರ್‌ಫೇಸ್ ಅನ್ನುತ್ತಾರೆ. ಕಂಡೆನ್ಸರ್ ಎಂಬ ಜಾತಿಯ ಮೈಕಾದರೆ ಆ ಪೆಟ್ಟಿಗೆಯಿಂದ 48 ವೋಲ್ಟ್ ಕೂಡ ಹೋಗಬೇಕು. ಯುಎಸ್‌ಬಿ ಮೈಕಿನಲ್ಲಿ ಧ್ವನಿಯನ್ನು ದೊಡ್ಡದು ಮಾಡುವ ಭಾಗ, ಅದನ್ನು ಡಿಜಿಟಲ್ ಮಾಡುವ ಭಾಗ ಎರಡೂ ಒಳಗೇ ಇರುತ್ತವೆ. ಒಂದೇ ಕೇಬಲ್, ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಆಯಿತು. ಸುಮಾರು 4,000 ರೂಪಾಯಿಗೆ ಒಂದು ಕಂಡೆನ್ಸರ್ ಮೈಕ್ ತರಿಸಿದೆ. ಜೊತೆಗೆ ಸಣ್ಣ ಮೂರು ಕಾಲಿನ ಸ್ಟ್ಯಾಂಡ್, ಒಂದು ಸ್ಪಂಜಿನ ಟೋಪಿ. ಹೆಡ್‌ಫೋನ್ ಸಿಕ್ಕಿಸಲು ಮೈಕಿನ ಕೆಳಗೇ ಒಂದು ತೂತು.

ಮೈಕ್ ಬಂದ ದಿನವೇ ರಾತ್ರಿ ಕೂತು 40 ನಿಮಿಷ ಓದಿದೆ. ಕೇಳಿದರೆ ಮತ್ತೆ ಅದೇ ಬಾವಿ. ದುಡ್ಡು ದಂಡ ಆಯಿತಲ್ಲ ಎಂದು ಬೇಜಾರಿನಲ್ಲೇ ಮಲಗಿದೆ. ಮಣಿಪಾಲದಲ್ಲಿ ನನ್ನ ಗೆಳತಿ ಒಬ್ಬಳಿದ್ದಾಳೆ, ರೆಕಾರ್ಡಿಂಗ್ ಕೆಲಸ ಬಲ್ಲವಳು. ಬೆಳಗ್ಗೆ ಅವಳಿಗೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಮೈಕನ್ನು ಉಗುರಿನಿಂದ ಕೆರೆದು ನೋಡಿದ್ಯಾ?"

ರೆಕಾರ್ಡಿಂಗ್ ಒತ್ತಿ ಮೊದಲು ಮೈಕಿನ ಜಾಲರಿಯನ್ನು ಮೆಲ್ಲಗೆ ಕೆರೆಯಬೇಕು. ಆಮೇಲೆ ಲ್ಯಾಪ್‌ಟಾಪಿನ ಕೀಬೋರ್ಡ್ ಹತ್ತಿರ ಕೆರೆಯಬೇಕು. ಯಾವುದರ ಸದ್ದು ಜೋರಾಗಿ ಬರುತ್ತದೋ ಅದೇ ನಿಮ್ಮನ್ನು ಕೇಳಿಸಿಕೊಳ್ಳುತ್ತಿದೆ ಎಂದು ಅರ್ಥ. ಕೆರೆದು ನೋಡಿದೆ. ಹೊಸ ಮೈಕಿನದು ಎಲ್ಲೋ ದೂರದ ಸದ್ದು, ಲ್ಯಾಪ್‌ಟಾಪಿನದು ಗರಗರ. ಅಂದರೆ ಆ 40 ನಿಮಿಷವೂ ರೆಕಾರ್ಡ್ ಮಾಡಿದ್ದು ಲ್ಯಾಪ್‌ಟಾಪಿನ ಒಳಗಿನ ಮೈಕ್. ನಾನು ರೆಕಾರ್ಡ್ ಮಾಡುವುದು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ. ಅದನ್ನು ತೆರೆದ ಮೇಲೆ ಮೈಕ್ ಸಿಕ್ಕಿಸಿದ್ದೆ. ಹಾಗೆ ಮಾಡಿದರೆ ಅದಕ್ಕೆ ಹೊಸ ಮೈಕ್ ಬಂದದ್ದು ಗೊತ್ತಾಗುವುದಿಲ್ಲ. ಆಡಿಯೊ ಸೆಟಪ್‌ನಲ್ಲಿ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಿ, ಆಮೇಲೆ ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ಮೈಕಿನ ಹೆಸರು ಆರಿಸಬೇಕು. ಅಲ್ಲಿಂದ ಇಲ್ಲಿವರೆಗೆ ಒಂದು ದಿನವೂ ಕೆರೆದು ನೋಡದೆ ನಾನು ಓದಲು ಕೂತಿಲ್ಲ.

ಇನ್ನೊಂದು ಗೊಂದಲವೂ ಆಯಿತು. ಮೈಕ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿನ ಸ್ಪೀಕರ್ ಮೂಕವಾಯಿತು. ಕೆಟ್ಟುಹೋಯಿತೇನೋ ಎಂದು ಹೆದರಿದೆ. ಕೆಟ್ಟಿರಲಿಲ್ಲ. ಮೈಕಿನಲ್ಲಿ ಹೆಡ್‌ಫೋನಿನ ತೂತು ಇದೆಯಲ್ಲ, ವಿಂಡೋಸ್ ಅದನ್ನೂ ಒಂದು ಸ್ಪೀಕರ್ ಎಂದು ಲೆಕ್ಕ ಹಾಕಿ ಎಲ್ಲ ಸದ್ದನ್ನೂ ಅಲ್ಲಿಗೆ ಕಳಿಸುತ್ತಿತ್ತು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿದರೆ ಸರಿಹೋಗುತ್ತದೆ. ಆದರೆ ಆ ತೂತನ್ನು ಉಪಯೋಗಿಸುವುದೇ ಒಳ್ಳೆಯದು. ಅಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ನಮ್ಮ ಧ್ವನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ, ತಡವಾಗದೆ ಕಿವಿಗೆ ಬರುತ್ತದೆ. ಕುರ್ಚಿ ಕಿರುಗುಟ್ಟಿದರೂ ಆಗಲೇ ಗೊತ್ತಾಗುತ್ತದೆ.

ಸರಿಯಾದ ಮೈಕ್ ಆರಿಸಿದ ಮೇಲೂ ಧ್ವನಿ ಸಪ್ಪೆ ಇತ್ತು. ಇದಕ್ಕೆ ಕಾರಣ ನಾನು ಮೈಕಿನ ತುದಿಗೆ ಬಾಯಿಟ್ಟು ಓದುತ್ತಿದ್ದದ್ದು. ವೇದಿಕೆಯ ಮೇಲಿನ ಮೈಕನ್ನು ನೋಡಿ ನೋಡಿ ನಮಗೆ ತುದಿಗೆ ಮಾತಾಡುವ ಅಭ್ಯಾಸ. ನನ್ನ ಮೈಕಿನಂಥವು ಪಕ್ಕದಿಂದ ಕೇಳಿಸಿಕೊಳ್ಳುತ್ತವೆ. ಅದನ್ನು ನೆಟ್ಟಗೆ ನಿಲ್ಲಿಸಿ, ಗುಂಡಿ ಇರುವ ಮುಖವನ್ನು ನಮ್ಮ ಕಡೆ ತಿರುಗಿಸಿಕೊಂಡು ಮಾತಾಡಬೇಕು. ಎದುರಿನ ಸದ್ದು ಜಾಸ್ತಿ, ಪಕ್ಕದ್ದು ಕಮ್ಮಿ, ಬೆನ್ನಿನ ಹಿಂದಿನದು ಬಹಳ ಕಮ್ಮಿ ತೆಗೆದುಕೊಳ್ಳುವ ಈ ಗುಣಕ್ಕೆ ಕಾರ್ಡಿಯಾಯ್ಡ್ ಅನ್ನುತ್ತಾರೆ. ಅಂದರೆ ಮೈಕಿನ ಬೆನ್ನು ಯಾವ ಕಡೆ ಇರಬೇಕು ಎಂಬುದೂ ಮುಖ್ಯ. ನಮ್ಮ ಮನೆ ಉಡುಪಿಯ ಇಂದ್ರಾಳಿಯ ರೈಲ್ವೆ ಸ್ಟೇಷನ್ನಿನಿಂದ ದೂರ ಇಲ್ಲ. ನಾನು ಗೋಡೆಗೆ ಬೆನ್ನು ಹಾಕಿ ಕೂತು, ಮೈಕಿನ ಬೆನ್ನನ್ನು ಕಿಟಕಿಗೆ ಮಾಡಿದೆ. ರೈಲಿನ ಹಾರ್ನ್ ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ರಸ್ತೆಯ ಗದ್ದಲ ಮಾತ್ರ ಚೆನ್ನಾಗಿ ಇಳಿಯಿತು.

ಇನ್ನು ದೂರ. ನನ್ನ ಮಟ್ಟಿಗೆ ಈ ಕೆಲಸದ ಜೀವ ಇರುವುದೇ ಇಲ್ಲಿ. ಒಂದು ಮೊಳ ದೂರ ಕೂತು ಓದಿದೆ, ನಾಲ್ಕು ಬೆರಳು ಹತ್ತಿರದಿಂದ ಓದಿದೆ, ಒಂದು ಗೇಣು ದೂರದಲ್ಲಿ ಓದಿದೆ. ಒಂದೇ ಪ್ಯಾರಾ, ಮೂರು ಸಲ. ಮೊಳದ ದೂರದಲ್ಲಿ ನನ್ನ ಧ್ವನಿಗಿಂತ ಕೋಣೆಯೇ ಜಾಸ್ತಿ ಕೇಳುತ್ತಿತ್ತು. ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ ನೇರ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಸದ್ದು ಇದ್ದಷ್ಟೇ ಇರುತ್ತದೆ. ಮಾವ ಹೇಳಿದ ಬಾವಿ ಇದೇ. ನಾಲ್ಕು ಬೆರಳಿನಷ್ಟು ಹತ್ತಿರ ಬಂದಾಗ ಧ್ವನಿ ದಪ್ಪವಾಯಿತು, ಎದೆಯೊಳಗಿಂದ ಗುಂಯ್ ಎನ್ನುವ ಹಾಗೆ. ಮೈಕಿಗೆ ತೀರಾ ಹತ್ತಿರ ಹೋದರೆ ಕೆಳಸ್ವರಗಳು ಉಬ್ಬುತ್ತವೆ. ಕೇಳಲು ಗಂಭೀರ ಅನಿಸಿದರೂ ಅಕ್ಷರ ಸ್ಪಷ್ಟ ಇರುವುದಿಲ್ಲ. ಒಂದು ಗೇಣಿನಲ್ಲಿ ಎದುರು ಕೂತು ಓದಿದ ಹಾಗೆ ಬಂತು. ಹೆಬ್ಬೆರಳಿನ ತುದಿ ತುಟಿಗೆ, ಕಿರುಬೆರಳಿನ ತುದಿ ಮೈಕಿಗೆ. ಅದೇ ಅಳತೆ ಗಟ್ಟಿ ಮಾಡಿಕೊಂಡೆ.

ಮೈಕ್ ನಮ್ಮ ಧ್ವನಿಯನ್ನು ಎಷ್ಟು ದೊಡ್ಡದು ಮಾಡಬೇಕು ಎಂದು ಹೇಳುವ ಗೇನ್ ಗುಂಡಿಯ ವಿಷಯದಲ್ಲಿ ಹೇಳುವುದು ಕಮ್ಮಿ. ಪುಸ್ತಕದಲ್ಲಿ ಯಾರಾದರೂ ಜಗಳ ಆಡುವ ಪುಟ ಹುಡುಕಿ, ಅದನ್ನು ಓದುತ್ತಾ ಗುಂಡಿ ತಿರುಗಿಸಿದೆ. ಜೋರಾದ ಮಾತು ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಂತರೆ ಸಾಕು. ಮೀಟರಿನ ತುದಿಯಾದ ಸೊನ್ನೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದನ್ನು ಆಮೇಲೆ ಸರಿ ಮಾಡುವುದು ಕಷ್ಟ. ಸಣ್ಣಗೆ ರೆಕಾರ್ಡ್ ಆದದ್ದನ್ನು ದೊಡ್ಡದು ಮಾಡಬಹುದು. ಮೋನೊ, 44.1 ಕಿಲೋಹರ್ಟ್ಜ್, 16 ಬಿಟ್ ಇಟ್ಟುಕೊಂಡೆ. ಒಬ್ಬಳೇ ಓದುವುದಕ್ಕೆ ಸ್ಟೀರಿಯೊ ಯಾಕೆ? ಹೀಗೆ ಮಾಡಿದ ವೇವ್ ಫೈಲ್ ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ.

ಕೋಣೆ ನನ್ನನ್ನು ಬಹಳ ದಿನ ಕಾಡಿಸಿತು. ನಮ್ಮದು ರೆಡ್ ಆಕ್ಸೈಡ್ ನೆಲ, ನುಣುಪು ಗೋಡೆ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ‘ಟ್ರಿಂಗ್’ ಎಂದು ಬಾಲ ಬರುತ್ತಿತ್ತು. ಹಾಸಿಗೆಯನ್ನು ಎತ್ತಿ ಬೆನ್ನ ಹಿಂದಿನ ಗೋಡೆಗೆ ಒರಗಿಸಿದೆ. ನೆಲಕ್ಕೆ ಚಾಪೆ, ಅದರ ಮೇಲೆ ಕಂಬಳಿ. ಎಲ್ಲಕ್ಕಿಂತ ಉಪಕಾರಕ್ಕೆ ಬಂದದ್ದು ಅಮ್ಮನ ಸೀರೆಯ ಕಪಾಟು. ಬಾಗಿಲು ಪೂರ್ತಿ ತೆರೆದು, ಸಾಲಾಗಿ ನೇತಾಡುವ ಸೀರೆಗಳ ಕಡೆ ಮುಖ ಮಾಡಿ ಕೂತರೆ ಬಾಯಿಂದ ಹೊರಟ ಸದ್ದು ಬಟ್ಟೆಯಲ್ಲೇ ಇಂಗಿ ಹೋಗುತ್ತದೆ. ಮತ್ತೆ ಚಪ್ಪಾಳೆ ತಟ್ಟಿದೆ. ಬಾಲ ಇರಲಿಲ್ಲ. ಗೋಡೆಗೆ ಅಂಟಿಸುವ ತೆಳು ಫೋಮಿಗೆ ದುಡ್ಡು ಹಾಕುವ ಮೊದಲು ದಯವಿಟ್ಟು ಎಲ್ಲರೂ ಇದನ್ನೊಮ್ಮೆ ಮಾಡಿ ನೋಡಿ.

ಆಗ ಮೇ ತಿಂಗಳು. ನಮ್ಮೂರಿನ ಮೇ ತಿಂಗಳ ಸೆಕೆ ಗೊತ್ತಲ್ವಾ? ಫ್ಯಾನ್ ಹಾಕುವ ಹಾಗಿಲ್ಲ. 20 ನಿಮಿಷ ಓದುವುದು, ಹೊರಗೆ ಬಂದು ಫ್ಯಾನಿನ ಕೆಳಗೆ ನಿಲ್ಲುವುದು, ಮತ್ತೆ ಹೋಗುವುದು. ನಾನು ಓದಿದ ಮೊದಲ ಅಧ್ಯಾಯ ಕಳಿಸಿದಾಗ ಮಾವ ಹೇಳಿದರು, "ಬಾವಿ ಹೋಯ್ತು. ಈಗ ಚಂದ ಕೇಳ್ತದೆ. ಆದರೆ ಫ್ರಿಜ್ ಯಾಕೆ ಇಟ್ಟುಕೊಂಡು ಓದಿದ್ದು?" ಫ್ರಿಜ್ ಇರುವುದು ಅಡುಗೆಮನೆಯಲ್ಲಿ, ನಡುವೆ ಎರಡು ಬಾಗಿಲು. ಹೆಡ್‌ಫೋನ್ ಹಾಕಿ ಕೇಳಿದೆ. ಹೌದು, ತಳದಲ್ಲಿ ಸಣ್ಣ ಗುನುಗು. ಅದರ ಮೇಲೆ ಇನ್ನೊಂದು ‘ಝೀ’ ಕೂಡ ಇತ್ತು, ಅದು ಲ್ಯಾಪ್‌ಟಾಪಿನ ಚಾರ್ಜರಿನದು. ಪ್ಲಗ್ ತೆಗೆದ ಕೂಡಲೇ ನಿಂತಿತು. ಎಲೆಕ್ಟ್ರಿಷಿಯನ್ ಬಂದು ನೋಡಿ ಆ ಕೋಣೆಯ ಸಾಕೆಟಿಗೆ ಅರ್ಥಿಂಗ್ ಸರಿ ಇಲ್ಲ ಎಂದರು. ಅದನ್ನು ಸರಿ ಮಾಡಿಸಿದ್ದು ಬೇರೆ ಕಾರಣಕ್ಕೂ ಒಳ್ಳೆಯದೇ ಆಯಿತು. ಆದರೂ ಈಗ ನಾನು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ. ನಡುವೆ ಕರೆಂಟ್ ಹೋದರೂ ಚಿಂತೆ ಇಲ್ಲ. ಫ್ರಿಜ್ ಆಫ್ ಮಾಡಿದರೆ ಮತ್ತೆ ಹಾಕಲು ಮರೆತುಹೋಗುವ ಭಯ. ಅದಕ್ಕೆ ಸ್ಕೂಟರಿನ ಕೀಯನ್ನು ಫ್ರಿಜ್ಜಿನೊಳಗೆ ಇಟ್ಟು ಓದಲು ಕೂರುತ್ತೇನೆ, ಹೊರಗೆ ಹೊರಡಲು ಕೀ ಹುಡುಕಿದಾಗ ಫ್ರಿಜ್ ನೆನಪಾಗುತ್ತದೆ.

ಅಕ್ಷರಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ಕನ್ನಡ ಓದುವವರ ಸಮಸ್ಯೆ. ಪ, ಬ ಹೇಳುವಾಗ ತುಟಿ ಮುಚ್ಚಿ ತೆರೆಯುತ್ತದೆ, ಒಂದು ಸಣ್ಣ ಗಾಳಿ ಹೊರಗೆ ಬರುತ್ತದೆ. ನಮ್ಮಲ್ಲಿ ಮಹಾಪ್ರಾಣಗಳು ಬೇರೆ ಇವೆ. ಫಲ, ಭಯ, ಭಾರ. ಇವುಗಳ ಗಾಳಿ ಇನ್ನೂ ಜೋರು. ಅದು ನೇರ ಮೈಕಿಗೆ ಬಡಿದರೆ ‘ಧಬ್’ ಎಂದು ಹೊಡೆತ. ಕಾದಂಬರಿಯಲ್ಲಿ ಭಾಗೀರಥಿ ಎಂಬ ಪಾತ್ರ ಒಂದಿತ್ತು. ಆ ಹೆಸರು ಬಂದಲ್ಲೆಲ್ಲ ಯಾರೋ ಬಾಗಿಲು ಗುದ್ದಿದ ಹಾಗೆ ಕೇಳುತ್ತಿತ್ತು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಭಾಗೀರಥಿ’ ಎಂದು ಹೇಳಿ ನೋಡಿ, ಗಾಳಿ ಎಲ್ಲಿ ಬಡಿಯುತ್ತದೆ ಎಂದು ತಿಳಿಯುತ್ತದೆ. ಎರಡು ಉಪಾಯ ಮಾಡಿದೆ. ಕಸೂತಿ ಹಾಕುವ ಮರದ ರಿಂಗಿಗೆ ಹಳೆಯ ನೈಲಾನ್ ಸಾಕ್ಸ್ ಬಿಗಿದು ಬಾಯಿಗೂ ಮೈಕಿಗೂ ನಡುವೆ ನಿಲ್ಲಿಸಿದೆ. ಮತ್ತೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಬಲಕ್ಕೆ ಸರಿಸಿ, ಮುಖವನ್ನು ಮಾತ್ರ ನನ್ನ ಕಡೆಗೇ ಇಟ್ಟೆ. ಗಾಳಿ ನೇರ ಹೋಗುತ್ತದೆ, ಧ್ವನಿ ಎಲ್ಲ ಕಡೆ ಹರಡುತ್ತದೆ. ಮೈಕಿಗೆ ಧ್ವನಿ ಸಿಗುತ್ತದೆ, ಗಾಳಿ ಪಕ್ಕದಿಂದ ದಾಟಿ ಹೋಗುತ್ತದೆ. ಸ, ಶ, ಷಗಳ ಸೀಟಿಯೂ ಹೀಗೆ ಸರಿಸಿದ್ದರಿಂದಲೇ ಮೆದುವಾಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಟೆರೇಸಿನ ಮೇಲೆ ತಗಡಿನ ಶೀಟ್ ಹಾಕಿಸಿದ್ದೇವೆ, ಉಡುಪಿಯಲ್ಲಿ ಹಲವು ಮನೆಗಳಲ್ಲಿ ಇರುವ ಹಾಗೆ. ಜೋರು ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಮೈಕಿಗೆ ಏನು ಕೇಳೀತು! ಮಳೆ ಬಿಟ್ಟ ಹೊತ್ತು ನೋಡಿಕೊಂಡು ಓದಬೇಕಾಯಿತು. ಬೆಳಗಿನ ಜಾವ ಹಕ್ಕಿಗಳು, ರಾತ್ರಿ ಕಪ್ಪೆ ಮತ್ತು ಜೀರುಂಡೆ. ನನಗೆ ಕೊನೆಗೆ ಒದಗಿದ್ದು ಮಧ್ಯಾಹ್ನ ಎರಡರಿಂದ ಮೂರೂವರೆ, ಊರು ಊಟ ಮಾಡಿ ಮಲಗುವ ಹೊತ್ತು. ರಜೆ ಇದ್ದ ದಿನ ಮಾತ್ರ ಸಿಗುವ ಹೊತ್ತು ಅದು.

ಜುಲೈಯಲ್ಲಿ ಬೇರೆಯೇ ತೊಂದರೆ. ಓದುತ್ತಾ ಇದ್ದ ಹಾಗೆ ‘ಪಟ್, ಪಟ್’ ಎಂದು ಸದ್ದು, ಒಣ ಕಡ್ಡಿ ಮುರಿದ ಹಾಗೆ. ಕೇಬಲ್ ಬದಲಿಸಿದೆ, ಬೇರೆ ಪೋರ್ಟಿಗೆ ಹಾಕಿದೆ. ಹೋಗಲಿಲ್ಲ. ಮಣಿಪಾಲದ ಗೆಳತಿ ಕೇಳಿ, "ಮೈಕಿಗೆ ಥಂಡಿ ಹಿಡಿದಿದೆ" ಎಂದಳು. ಕಂಡೆನ್ಸರ್ ಮೈಕಿನೊಳಗೆ ಒಂದು ಬಹಳ ತೆಳುವಾದ ಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ತಟ್ಟೆ ಇರುತ್ತದೆ. ಎರಡರ ನಡುವೆ ವಿದ್ಯುತ್ ನಿಂತಿರುತ್ತದೆ. ತೇವ ಒಳಗೆ ಹೋದರೆ ಆ ವಿದ್ಯುತ್ ಅಲ್ಲಲ್ಲಿ ಸೋರುತ್ತದೆ, ಸೋರಿದಾಗೆಲ್ಲ ಪಟ್ ಎನ್ನುತ್ತದೆ. ಉಪ್ಪಿನ ಡಬ್ಬಿಯೇ ನೀರಾಗುವ ನಮ್ಮ ಮಳೆಗಾಲದಲ್ಲಿ ಮೈಕ್ ಹೇಗೆ ಉಳಿಯಬೇಕು? ಹಪ್ಪಳ ಹಾಕಿಡುವ ಸ್ಟೀಲ್ ಡಬ್ಬಿ ಒಂದನ್ನು ಅಮ್ಮನಿಂದ ಕೇಳಿ ಪಡೆದೆ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಕಾಳುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೈಕಿನ ಜೊತೆ ಎರಡು ದಿನ ಇಟ್ಟೆ. ಮೂರನೇ ದಿನ ಪಟಪಟ ಇರಲಿಲ್ಲ. ಕಾಳು ತೇವ ಕುಡಿದು ಹಸಿರಾಗುತ್ತದೆ. ಆಗ ಹಳೆಯ ಬಾಣಲೆ ಒಂದನ್ನು ಅದಕ್ಕೇ ಬೇರೆ ಇಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ ಆಗುತ್ತದೆ. ಓದಿ ಮುಗಿಸಿದ ಕೂಡಲೇ ಮೈಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಡಿ, ನಮ್ಮ ಉಸಿರಿನ ತೇವ ಒಳಗೇ ಉಳಿಯುತ್ತದೆ. ಕರಾವಳಿಯವರು ಮೈಕ್ ತರುವ ದಿನವೇ ಡಬ್ಬಿಯನ್ನೂ ತಂದಿಡುವುದು ಒಳ್ಳೆಯದು.

ಓದುವಾಗ ತಪ್ಪಿದರೆ ನಿಲ್ಲಿಸುವುದಿಲ್ಲ. ಒಂದು ಚಪ್ಪಾಳೆ ತಟ್ಟಿ, ಉಸಿರು ತೆಗೆದುಕೊಂಡು, ಆ ವಾಕ್ಯವನ್ನು ಮೊದಲಿನಿಂದ ಓದುತ್ತೇನೆ. ಪರದೆಯ ಮೇಲೆ ಚಪ್ಪಾಳೆ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ, ಅಲ್ಲಲ್ಲಿ ಕತ್ತರಿಸಿದರೆ ಮುಗಿಯಿತು. ಪ್ರತಿ ಸಲ ಓದುವ ಮೊದಲು ಐದು ಸೆಕೆಂಡ್ ಸುಮ್ನೆ ಕೂರುತ್ತೇನೆ. ಆ ಮೌನವನ್ನು ಮಾದರಿಯಾಗಿ ತೋರಿಸಿದರೆ ಆಡಾಸಿಟಿ ಉಳಿದ ಕಡೆಯಿಂದಲೂ ಅದೇ ಸದ್ದನ್ನು ಇಳಿಸುತ್ತದೆ. ಮೊದಲ ಸಲ ಆಸೆಯಿಂದ 24 ಡೆಸಿಬಲ್ ಇಳಿಸಿದೆ. ನನ್ನ ಮಾತು ನೀರಿನಡಿಯಿಂದ ಬಂದ ಹಾಗಾಯಿತು. ಈಗ 6, ಹೆಚ್ಚೆಂದರೆ 9. ಅದಕ್ಕಿಂತ ಜಾಸ್ತಿ ಬೇಕಾದರೆ ಆ ರೆಕಾರ್ಡಿಂಗನ್ನೇ ಬಿಟ್ಟು ಮತ್ತೆ ಓದುತ್ತೇನೆ. ಕೇಳುವ ಪುಸ್ತಕಗಳನ್ನು ಮಾರುವ ಆಡಿಬಲ್‌ಗೆ ಪುಸ್ತಕ ಓದಿ ಕೊಡುವವರಿಗೆ ಎಸಿಎಕ್ಸ್ ಎಂಬ ಅವರದೇ ವೆಬ್‌ಸೈಟಿನಲ್ಲಿ ಒಂದು ನಿಯಮ ಇದೆ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್ ಒಳಗೆ, ಅತಿ ಜೋರಿನ ಸದ್ದು ಮೈನಸ್ 3 ದಾಟಬಾರದು, ಮೌನದ ಮಟ್ಟ ಮೈನಸ್ 60ಕ್ಕಿಂತ ಕೆಳಗೆ. ನಾನು ಮಾರುವವಳಲ್ಲ, ಆದರೂ ಮಾವನಿಗೆ ಅದಕ್ಕಿಂತ ಕಮ್ಮಿಯದು ಯಾಕೆ ಕೊಡಬೇಕು? ಸೀರೆಯ ಕಪಾಟಿನ ಮುಂದೆ, ಮಳೆ ಇಲ್ಲದ ಮಧ್ಯಾಹ್ನ, ಆ ಮೈನಸ್ 60 ನನಗೂ ಸಿಕ್ಕಿತು.

ಕೊನೆಗೆ 64 ಕೆಬಿಪಿಎಸ್‌ನ ಮೋನೊ ಎಂಪಿ3 ಮಾಡುತ್ತೇನೆ. ಒಂದು ತಾಸಿನ ಓದು ಸುಮಾರು 29 ಎಂಬಿ. ಮಾವನ ಹತ್ತಿರ ಪೆನ್ ಡ್ರೈವ್ ಹಾಕುವ ರೇಡಿಯೊ ಇದೆ, ಗುಂಡಿಗಳನ್ನು ಬೆರಳಿನಲ್ಲೇ ಗುರುತಿಸುತ್ತಾರೆ. ತಿಂಗಳಿಗೆ ಎರಡು ಸಲ ನಾನೇ ಬಸ್ಸಿನಲ್ಲಿ ಹೋಗಿ ಪೆನ್ ಡ್ರೈವ್ ಬದಲಿಸಿ ಬರುತ್ತೇನೆ. ನಡುವೆ ಅವಸರ ಇದ್ದರೆ ವಾಟ್ಸ್ಯಾಪಿನಲ್ಲಿ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸುತ್ತೇನೆ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ.

ಒಂದು ಸಲ ಹೋದಾಗ ಮಾವ ಕೇಳಿದರು, "ನೀನು ಕಳಿಸಿದ ಆರನೇ ಅಧ್ಯಾಯ ಎರಡು ದಿನ ಓದಿದ್ದಲ್ವಾ? ನಡುವೆ ನೀನು ಸ್ವಲ್ಪ ಹಿಂದೆ ಸರಿದು ಕೂತಿದ್ದಿ." ಹೌದು. ಮೊದಲ ದಿನ ಗೇಣು ಅಳೆದಿದ್ದೆ, ಎರಡನೇ ದಿನ ಅಳೆದಿರಲಿಲ್ಲ. ಈಗ ಸ್ಟ್ಯಾಂಡಿಗೆ ಒಂದು ಗೇಣು ಉದ್ದದ ನೂಲು ಕಟ್ಟಿದ್ದೇನೆ. ಕೂತ ಕೂಡಲೇ ಅದನ್ನು ಎಳೆದು ಗಲ್ಲಕ್ಕೆ ಮುಟ್ಟಿಸಿ ನೋಡುತ್ತೇನೆ. ಕುರ್ಚಿಯ ಕಾಲು ಇರುವ ಜಾಗಕ್ಕೆ ನೆಲದಲ್ಲಿ ಸೀಮೆಸುಣ್ಣದ ಗುರುತು. ಓದಿನ ಬಗ್ಗೆಯೂ ಅವರೇ ತಿದ್ದಿದರು. "ಅವಸರ ಮಾಡ್ಬೇಡ. ಕಾಗದ ಓದುವಾಗ ನಾನು ಕೇಳುವವರ ಮುಖ ನೋಡ್ತಿದ್ದೆ. ನಿನಗೆ ನನ್ನ ಮುಖ ಕಾಣುವುದಿಲ್ಲ, ಅದಕ್ಕೆ ಪ್ಯಾರಾ ಮುಗಿದಲ್ಲಿ ಒಂದು ಉಸಿರು ಬಿಡು." ಅಂದಿನಿಂದ ಅವರ ಫೋಟೊ ಒಂದನ್ನು ಕಪಾಟಿನ ಬಾಗಿಲಿಗೆ, ಮೈಕಿನ ಮೇಲಕ್ಕೆ ಬರುವ ಹಾಗೆ ಅಂಟಿಸಿ ಓದುತ್ತಿದ್ದೇನೆ.

ಹದಿಮೂರನೇ ಅಧ್ಯಾಯ ಕಳಿಸಿದ ಸಂಜೆ ಅತ್ತೆಯ ಫೋನ್ ಬಂತು. "ಮಾವ ಹೇಳ್ತಿದ್ದಾರೆ, ನಿನಗೆ ಶೀತ ಶುರು ಆಗಿದೆಯಂತೆ. ಕೊನೆಯ ನಾಲ್ಕು ಪುಟದಲ್ಲಿ ಗೊತ್ತಾಗ್ತದಂತೆ. ಕರಿಮೆಣಸಿನ ಕಷಾಯ ಮಾಡಿ ಕುಡಿ, ಎರಡು ದಿನ ಓದುವುದು ಬೇಡ ಅಂದ್ರು." ಆಗ ನನಗೆ ಗಂಟಲಲ್ಲಿ ಏನೂ ಆಗಿರಲಿಲ್ಲ. ಮರುದಿನ ಬೆಳಗ್ಗೆ ಎದ್ದಾಗ ಮೂಗು ಕಟ್ಟಿತ್ತು. ಮೈಕನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. 340ನೇ ಪುಟದಲ್ಲಿ ಅದೇ ಬಸ್ ಟಿಕೆಟ್ ಇದೆ.